ಎಲ್ಲ ಪಾಠದಲ್ಲೂ ಕಸ



ನಮ್ಮ ಶಾಲೆಯಲ್ಲಿ ಕಸದ ವಿಷಯ ವರ್ಷಕ್ಕೆ ಒಂದೇ ದಿನ ಬರುತ್ತದೆ. ಜೂನ್ 5, ವಿಶ್ವ ಪರಿಸರ ದಿನ. ಅವತ್ತು ಪ್ರಭಾತ ಫೇರಿ ಹೋಗುತ್ತೇವೆ, ಘೋಷಣೆ ಕೂಗುತ್ತೇವೆ, ಸಸಿ ನೆಡುತ್ತೇವೆ. ಆಮೇಲೆ ಚಾಕಲೇಟು ತಿಂದು ಅದರ ಕಾಗದವನ್ನು ಅದೇ ಸಸಿಯ ಬುಡಕ್ಕೆ ಬಿಸಾಕಿ ಮನೆಗೆ ಹೋಗುತ್ತೇವೆ. (ನಾನೂ ಬಿಸಾಕಿದ್ದೇನೆ.) ಈ ಸಲ ಮಾತ್ರ ನಮ್ಮ ವಿಜ್ಞಾನದ ಟೀಚರ್ ಬೇರೆ ಥರ ಮಾಡಿದರು. ಏಳನೇ ತರಗತಿಯವರು ನಾಲ್ಕನೇ ತರಗತಿ ಮಕ್ಕಳ ಜೊತೆ ಶನಿವಾರ ಶನಿವಾರ ಕೂತು ಕಸ ಕಡಿಮೆ ಮಾಡೋದನ್ನ ಕಲಿಸಬೇಕು, ಅದೂ ಒಂದೇ ಪಾಠದಲ್ಲಲ್ಲ, ಲೆಕ್ಕ, ಕನ್ನಡ, ಪರಿಸರ ಅಧ್ಯಯನ, ಚಿತ್ರಕಲೆ ಎಲ್ಲದರಲ್ಲೂ ಅಂದರು. ಹೇಗೆ ಮಾಡಿದೆವು ಅಂತ ಇಲ್ಲಿ ಬರೆದಿದ್ದೇನೆ. ಬೇರೆ ತರಗತಿಯವರೂ ಮಾಡಬಹುದು.

ಮೊದಲು ಲೆಕ್ಕ. ವಿಜ್ಞಾನದ ಬೀರುವಿನಲ್ಲಿದ್ದ ಸ್ಪ್ರಿಂಗ್ ತಕ್ಕಡಿ ಇಸ್ಕೊಂಡು ಒಂದು ದಿನದ ಕಸ ತೂಗಿದೆವು. 2 ಕೆ.ಜಿ. 300 ಗ್ರಾಂ ಬಂತು. ಅದನ್ನ ಮೂರು ಗುಂಪು ಮಾಡಿಸಿದೆವು: ಕೊಳೆಯೋದು, ಗುಜರಿಯವನು ಕೊಳ್ಳೋದು, ಎರಡೂ ಅಲ್ಲದ್ದು. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಸಿಪ್ಪೆ, ತರಗೆಲೆ ಸೇರಿ 1 ಕೆ.ಜಿ. 900 ಗ್ರಾಂ. ಕಾಗದ, ರಟ್ಟು 250 ಗ್ರಾಂ. ತಿಂಡಿ ಪ್ಯಾಕೆಟ್ಟು, ಕವರು ಬರೀ 150 ಗ್ರಾಂ. "ಅಯ್ಯೋ, ಪ್ಲಾಸ್ಟಿಕ್ಕು ಸ್ವಲ್ಪಾನೇ ಅಕ್ಕಾ" ಅಂತ ಒಂದು ಹುಡುಗ ಹೇಳಿದ. ಎಣಿಸು ನೋಡೋಣ ಅಂದೆ. 113 ಇತ್ತು! ನಮ್ಮ ಶಾಲೆಯಲ್ಲಿರೋದು 86 ಮಕ್ಕಳು. ತೂಕದಲ್ಲಿ ಕಡಿಮೆ ಇದ್ದದ್ದು ಎಣಿಕೆಯಲ್ಲಿ ಜಾಸ್ತಿ. ಯಾವ ಅಳತೆ ಹಿಡಿಯಬೇಕು ಅನ್ನೋದೇ ಒಂದು ಲೆಕ್ಕ ಅಂತ ಅವತ್ತು ನನಗೂ ಗೊತ್ತಾಯಿತು.

ಐದು ದಿನ ಎಣಿಸಿದೆವು. 113, 96, 71, 64, 46. ಸರಾಸರಿ 78. ಶಾಲೆ ನಡೆಯೋ ದಿನ 220 ಅಂತ ಹಿಡಿದರೆ ವರ್ಷಕ್ಕೆ 17,160 ಪ್ಯಾಕೆಟ್ಟು. ಆದರೆ ದಿನಾ ದಿನಾ ಕಡಿಮೆ ಆಗಿದ್ದು ಯಾಕೆ? ತಿನ್ನೋದು ಬಿಟ್ಟರು ಅಂತ ನಾನು ಖುಷಿಪಟ್ಟೆ. ಆಮೇಲೆ ನೋಡಿದರೆ, ಎಣಿಸುತ್ತಾರೆ ಅಂತ ಗೊತ್ತಾಗಿ ಕೆಲವರು ಕಾಂಪೌಂಡಿನ ಆಚೆ ಎಸೆದು ಬರುತ್ತಿದ್ದರು. ಹಾಗಾಗಿ ನಮ್ಮ ಸರಾಸರಿ ಪೂರ್ತಿ ಸರಿಯಲ್ಲ. ಅದನ್ನೂ ಮಕ್ಕಳ ಪುಸ್ತಕದಲ್ಲಿ ಬರೆಸಿದೆವು.

ಇನ್ನೊಂದು ಲೆಕ್ಕ ಮಕ್ಕಳಿಗೆ ತುಂಬಾ ಹಿಡಿಸಿತು. 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲವನ್ನು ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. ಕರ್ನಾಟಕದಲ್ಲಂತೂ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂದಿತ್ತು. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ಸ್ಕೇಲಿನಲ್ಲಿ ಅಳೆಯೋಕೆ ಆಗಲ್ಲ. ಅದಕ್ಕೆ ಟೀಚರ್ ಉಪಾಯ ಹೇಳಿದರು. ಕವರಿಗೆ ಎರಡು ಪದರ ಇದೆ. ನಾಲ್ಕು ಸಲ ಮಡಚಿದರೆ 4, 8, 16, 32 ಪದರ. ಗಟ್ಟಿಯಾಗಿ ಒತ್ತಿ ಹಿಡಿದು ಅಳೆದರೆ ಹೆಚ್ಚು ಕಡಿಮೆ 1 ಮಿ.ಮೀ. ಬಂತು. 1000ವನ್ನು 32ರಿಂದ ಭಾಗಿಸಿ. ಸುಮಾರು 31 ಮೈಕ್ರಾನ್. 120 ಎಲ್ಲಿ, 31 ಎಲ್ಲಿ! ಆ ಕವರು ಸಂತೆಯಲ್ಲಿ ಸಿಕ್ಕಿದ್ದು.

ವಿಜ್ಞಾನಕ್ಕೆ ಬಾಳೆಗಿಡದ ಪಕ್ಕ ಒಂದು ಗುಂಡಿ ತೆಗೆದೆವು. ಜೂನ್ ಕೊನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ, ಪೇಪರು, ಹಳೇ ಲಂಗದ ಬಟ್ಟೆ, ಒಂದು ಚಿಪ್ಸ್ ಪ್ಯಾಕೆಟ್ಟು ಹೂತು, ಮೇಲೆ ಕಡ್ಡಿ ನೆಟ್ಟು ಹೆಸರು ಬರೆದೆವು. ಎರಡು ತಿಂಗಳಾದ ಮೇಲೆ ಅಗೆದರೆ ಸಿಪ್ಪೆ ಇಲ್ಲವೇ ಇಲ್ಲ, ಅಲ್ಲಿ ಎರೆಹುಳು ಇದ್ದವು. ಪೇಪರು ಮುಟ್ಟಿದರೆ ಪುಡಿ. ಬಟ್ಟೆ ಎಳೆದರೆ ಹರಿಯಿತು. ಪ್ಯಾಕೆಟ್ಟು ತೊಳೆದೆವು. ಅದರ ಮೇಲಿನ ಬೆಲೆ ಇನ್ನೂ ಓದೋಕೆ ಬರುತ್ತಿತ್ತು. ಒಳಗಡೆ ಬೆಳ್ಳಿ ಥರ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ಕಿಗೆ ಅಂಟಿಸಿದ ಅಲ್ಯೂಮಿನಿಯಂನ ತೆಳು ಪದರ. ಎರಡನ್ನೂ ಬಿಡಿಸೋದು ಕಷ್ಟ, ಅದಕ್ಕೇ ಗುಜರಿಯವನೂ ಅದನ್ನ ಮುಟ್ಟಲ್ಲ.

ಹಾಗಾದರೆ ಕೊಳೆಯೋ ಕಸ ಒಳ್ಳೇದು, ಎಲ್ಲಿ ಹಾಕಿದರೂ ಪರವಾಗಿಲ್ಲ ಅನ್ನಿಸುತ್ತದೆ. ಅದೂ ತಪ್ಪು. ಗೋಬರ್ ಗ್ಯಾಸ್ ನೋಡಿದ್ದೀರಲ್ಲ? ಸಗಣಿ ಗಾಳಿ ಇಲ್ಲದ ಕಡೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ, ಅದೇ ಒಲೆಯಲ್ಲಿ ಉರಿಯೋದು. ಪಟ್ಟಣದವರು ಹಸಿ ಕಸ, ಒಣ ಕಸ ಬೆರೆಸಿ ಗುಡ್ಡ ಮಾಡಿದಾಗ ಒಳಗೆ ಗಾಳಿ ಹೋಗಲ್ಲ. ಅಲ್ಲೂ ಅದೇ ಮೀಥೇನ್. ಆದರೆ ಅಲ್ಲಿ ಒಲೆ ಇಲ್ಲ. ಅದು ಆಕಾಶಕ್ಕೆ ಹೋಗಿ ಭೂಮಿಯ ಶಾಖ ಹೆಚ್ಚಿಸುತ್ತದೆ, ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಇಲ್ಲವೇ ಗುಡ್ಡಕ್ಕೇ ಬೆಂಕಿ ಬೀಳುತ್ತದೆ. 2023ರ ಮಾರ್ಚಿನಲ್ಲಿ ಕೇರಳದ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಹೆಚ್ಚು ಕಾಲ ಊರೆಲ್ಲ ಹೊಗೆ. ಮಳೆ ಬಂದರೆ ಕಸದ ಕಪ್ಪು ನೀರು ಇಳಿದು ಬಾವಿ, ಬೋರಿಗೆ ಸೇರುತ್ತದೆ.

ಪಟ್ಟಣದ ಕಥೆ ನಮಗ್ಯಾಕೆ ಅಂತ ಕೇಳಬಹುದು. ಪರಿಸರ ಅಧ್ಯಯನದ ಪೀರಿಯಡ್ಡಿನಲ್ಲಿ ನಕಾಶೆ ಹಾಕಿ ಇದನ್ನೇ ತೋರಿಸಿದೆವು. ಬೆಂಗಳೂರಿನ ಕಸ ಬೆಂಗಳೂರಿನಲ್ಲೇ ಇರಲಿಲ್ಲ. ಮೊದಲು ಮಾವಳ್ಳಿಪುರಕ್ಕೆ, ಮಂಡೂರಿಗೆ ಲಾರಿಯಲ್ಲಿ ಹೋಗುತ್ತಿತ್ತು. ಎರಡೂ ನಮ್ಮೂರಿನ ಹಾಗೆ ಹಳ್ಳಿಗಳು. ವಾಸನೆ, ನೊಣ, ಕೆಟ್ಟ ನೀರು ತಡೆಯಲಾಗದೆ 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಹೋರಾಟ ಮಾಡಿದರು. ಆ ವರ್ಷದ ಕೊನೆಗೆ ಅಲ್ಲಿಗೆ ಲಾರಿ ನಿಂತಿತು. ನಾಲ್ಕನೇ ತರಗತಿಯ ಒಬ್ಬಳು "ಆಮೇಲೆ ಎಲ್ಲಿಗೆ ಹೋಯ್ತು?" ಅಂತ ಕೇಳಿದಳು. ಟೀಚರ್ ಒಂದು ನಿಮಿಷ ಸುಮ್ಮನಿದ್ದು, "ಬೇರೆ ಊರಿಗೆ" ಅಂದರು.

ಚಿತ್ರಕಲೆಯಲ್ಲಿ 'ಕಸದಿಂದ ರಸ' ಸ್ಪರ್ಧೆ ಇಟ್ಟಿದ್ದೆವು. ಅದು ಸರಿ ಹೋಗಲಿಲ್ಲ ಅಂತ ನನ್ನ ಅಭಿಪ್ರಾಯ. ಬಾಟಲಿಯ ಹೂದಾನಿ ಮಾಡೋಕೆ ಇಬ್ಬರು ಅಂಗಡಿಯಿಂದ ಹೊಸ ಜ್ಯೂಸ್ ಬಾಟಲಿ ಕೊಂಡು ತಂದರು! ಮೇಲೆ ಮಿಂಚಿನ ಪುಡಿ ಬೇರೆ. ಒಂದು ವಾರ ಕಿಟಕಿಯಲ್ಲಿಟ್ಟು ಆಮೇಲೆ ಅದನ್ನೂ ಗುಂಡಿಗೇ ಹಾಕಿದೆವು. ಅದರ ಬದಲು ಹಳೇ ಸೀರೆಯಲ್ಲಿ ಚೀಲ ಹೊಲಿದವರದ್ದು ಇನ್ನೂ ಉಪಯೋಗಕ್ಕೆ ಬರುತ್ತಿದೆ.

ಕನ್ನಡ ಪಾಠಕ್ಕೆ ನಮ್ಮಜ್ಜಿಯನ್ನ ಕರೆದುಕೊಂಡು ಬಂದೆ. ಅಜ್ಜಿ ಓದಿಲ್ಲ. ಆದರೆ ಮಿಕ್ಕಿದ್ದಕ್ಕೆಲ್ಲ ಒಂದೊಂದು ಹೆಸರು ಹೇಳಿತು. ರಾತ್ರಿ ಉಳಿದದ್ದು ತಂಗಳು. ಅಕ್ಕಿ ತೊಳೆದ ನೀರು, ಸಿಪ್ಪೆ, ಗಂಜಿ ಸೇರಿದ್ದು ಕಲಗಚ್ಚು, ಅದು ಹಸುವಿಗೆ. ಹಸುವಿಂದ ಸಗಣಿ, ಗಂಜಳ. ಅದು ತಿಪ್ಪೆಗೆ. ತಿಪ್ಪೆಯಿಂದ ಗೊಬ್ಬರ, ಗೊಬ್ಬರ ಹೊಲಕ್ಕೆ. ಮಕ್ಕಳು ಕಪ್ಪು ಹಲಗೆ ಮೇಲೆ ಬರೆದು ಬಾಣ ಹಾಕುತ್ತಾ ಹೋದರೆ ಸುತ್ತಿ ಬಂದು ಅಕ್ಕಿಗೇ ಸೇರಿತು. "ಪ್ಯಾಕೆಟ್ಟಿಗೆ ಬಾಣ ಎಲ್ಲಿಗೆ ಹಾಕೋದಕ್ಕಾ?" ಅಂದರು. ನನಗೆ ಗೊತ್ತಾಗಲಿಲ್ಲ.

ಈಗ ನಮ್ಮ ಮನೆಯ ವಿಷಯ ಹೇಳಬೇಕು. ಅವ್ವ ಗಾರ್ಮೆಂಟ್ಸಿಗೆ ಹೋಗೋಕೆ ಶುರು ಮಾಡಿದ ಮೇಲೆ ನಮ್ಮ ಮನೆಯಲ್ಲಿ ಕಲಗಚ್ಚಿನ ಬಾನಿ ಇಡೋದು ಬಿಟ್ಟುಹೋಯಿತು. ಸಿಪ್ಪೆ, ಮಿಕ್ಕ ಅನ್ನ ಎಲ್ಲ ಕವರಿಗೆ ತುಂಬಿ ಗಂಟು ಕಟ್ಟಿ ಬೀದಿ ಕೊನೆಗೆ ಎಸೆಯೋದು ನನ್ನ ಕೆಲಸ. ಹೋದ ವರ್ಷ ನಮ್ಮ ಗೌರಿ ಮೇವು ಬಿಟ್ಟಿತು. ಹೊಟ್ಟೆ ಉಬ್ಬಿತು. ಪಶು ಡಾಕ್ಟ್ರು ಹೊಟ್ಟೆ ಕೊಯ್ದು ತೆಗೆದರೆ ಒಂದು ಮಂಕರಿ ತುಂಬ ಕವರು. ಹಸು ಸಿಪ್ಪೆ ವಾಸನೆಗೆ ಕವರು ಸಮೇತ ನುಂಗುತ್ತದೆ. ಕೈ ಇಲ್ಲವಲ್ಲ, ಗಂಟು ಬಿಚ್ಚೋಕೆ ಆಗಲ್ಲ. ಅದು ಕರಗಲ್ಲ, ಮುಂದಕ್ಕೂ ಹೋಗಲ್ಲ, ಮೊದಲನೇ ಹೊಟ್ಟೆಯಲ್ಲೇ ಸುತ್ತಿಕೊಂಡು ಜಾಗ ತುಂಬಿಬಿಡುತ್ತದೆ. ಅದರಲ್ಲಿ ಗಂಟು ಹಾಕಿದ ಹಾಗೇ ಇದ್ದ ಒಂದು ಹಳದಿ ಕವರಿತ್ತು. ಎರಡು ಸುತ್ತಿನ ಗಂಟು, ನಾನು ಕಟ್ಟೋದೂ ಹಾಗೇ. ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಗೌರಿ ಸತ್ತುಹೋಯಿತು.

ಈ ಮಾತನ್ನ ನಾಲ್ಕನೇ ತರಗತಿಯಲ್ಲಿ ಮೊದಲ ಸಲ ಹೇಳಿದೆ. ಅವರು ಬೇರೇನೂ ಕೇಳಲಿಲ್ಲ. ಸೋಮವಾರ ಬಿಸಿಯೂಟದ ಹೊತ್ತಿಗೆ ಒಂದು ಹಳೇ ಬಕೆಟ್ಟು ತಂದು ಸಿಪ್ಪೆ ಬೇರೆ ಹಾಕಿಸೋಕೆ ಶುರು ಮಾಡಿದರು. ದೊಡ್ಡವರು ಕವರು ಹಾಕಿದರೆ ಹೊರಗೆ ತೆಗೆಸುತ್ತಾರೆ, ಬಿಡಲ್ಲ. ಸಿಪ್ಪೆ ಈಗ ಬಾಳೆಗಿಡದ ಗುಂಡಿಗೆ ಹೋಗುತ್ತಿದೆ. ಪ್ಯಾಕೆಟ್ಟಿಗೆ ದಾರಿ ಸಿಕ್ಕಿಲ್ಲ. ಸುಡೋಣ ಅಂತ ಕೆಲವರು ಅಂದರು, ಆದರೆ ಪ್ಲಾಸ್ಟಿಕ್ಕಿನ ಹೊಗೆ ವಿಷ, ಅದು ಬೇಡ ಅಂತ ಟೀಚರ್ ಹೇಳಿದ್ದಾರೆ. ಕೊಳ್ಳದೇ ಇರೋದೊಂದೇ ಉಳಿದಿದೆ. ನಾಲ್ವರು ಮನೆಯಿಂದ ಕಡಲೆಕಾಯಿ, ಪುರಿ ಡಬ್ಬಿಯಲ್ಲಿ ತರುತ್ತಿದ್ದಾರೆ. ನಾಲ್ವರೇ.

ಮೊದಲನೇ ಗುಂಡಿ ತುಂಬುತ್ತಾ ಬಂತು. ಬರೋ ಶನಿವಾರ ಎರಡನೇದು ಅಗೆಯುತ್ತೇವೆ. ಮನೆಯಲ್ಲಿ ಸಲಿಕೆ, ಹಾರೆ ಇರೋರು ತನ್ನಿ.