ಕಾರ್ಪೊರೇಟರಿಲ್ಲದ ವಾರ್ಡು

ಮಾಜಿ ಪ್ರಧಾನಿ ದೇವೇಗೌಡರ ನಿವಾಸವಿರುವ, 2008ರಿಂದ ಆರ್. ಅಶೋಕರನ್ನೇ ವಿಧಾನಸಭೆಗೆ ಆರಿಸುತ್ತ ಬಂದಿರುವ ಬೆಂಗಳೂರಿನ ಪದ್ಮನಾಭನಗರದಲ್ಲಿ ರಾಜಕಾರಣಕ್ಕೆ ಅಭಾವವಿಲ್ಲ. ಆದರೆ ಮೋರಿ ಕಟ್ಟಿಕೊಂಡಾಗ, ಬೀದಿದೀಪ ಕೆಟ್ಟಾಗ ಹಿಡಿದು ಕೇಳಬಹುದಾಗಿದ್ದ ಕಾರ್ಪೊರೇಟರು, 2020ರ ಸೆಪ್ಟೆಂಬರ್ 10ರಂದು ಪಾಲಿಕೆಯ ಅವಧಿ ತೀರಿದ ಮೇಲೆ, ವರ್ಷಗಟ್ಟಲೆ ಇಲ್ಲವಾದರು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದ 74ನೆಯ ತಿದ್ದುಪಡಿ ವಿಧಿಸಿದೆ. ಆಗ ಆಳುತ್ತಿದ್ದುದು ಬಿಜೆಪಿ. 2023ರಲ್ಲಿ ಕಾಂಗ್ರೆಸ್ ಬಂದಿತು. ವಾರ್ಡುಗಳ ಪುನರ್ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂಬ ಕಾರಣಮಾಲಿಕೆ ಮಾತ್ರ ಪಕ್ಷಭೇದವರಿಯದೆ ಬೆಳೆಯಿತು. ಹಾವು-ಮುಂಗುಸಿಗಳಂತಿರುವ ಪಕ್ಷಗಳು ಇದೊಂದರಲ್ಲಿ ತೋರಿದ ಸೌಹಾರ್ದ ಅಪೂರ್ವವಾದುದು! ವಾರ್ಡಿಗೆ ಪ್ರತಿನಿಧಿಯಿಲ್ಲದ ಕಾಲದಲ್ಲಿ ಯಾವ ಪಕ್ಷದ ಶಾಸಕನ ಶಿಫಾರಸಿಗೂ ಆಡಳಿತಾಧಿಕಾರಿಯ ಸಹಿಗೂ ತೂಕ ಹೆಚ್ಚುವುದರಿಂದ, ವಿಳಂಬದ ನಷ್ಟ ಅಧಿಕಾರಸ್ಥರಿಗೆ ತಟ್ಟುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದಾಯಿತು, ಆಯುಕ್ತರೂ ಐವರಾದರು. ಚುನಾಯಿತ ಸದಸ್ಯರು ಮಾತ್ರ ಅಂದು ಒಬ್ಬರೂ ಇರಲಿಲ್ಲ.