ಬಿಸಿಲು ತಿಂದ ಚರ್ಮ, ಬಿಡದ ಕಾವಲು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೊಲ, ಕಡಲತೀರ, ಕಟ್ಟಡಗಳಲ್ಲಿ ದುಡಿದು ಬಾಳು ಸವೆಸಿದ ಬಿಳಿಚರ್ಮದವರ ಹಣೆ, ಕಿವಿ, ಬೋಳುತಲೆ, ಮುಂಗೈಗಳ ಮೇಲೆ ನಡುವಯಸ್ಸು ದಾಟುವ ಹೊತ್ತಿಗೆ ಸಣ್ಣ ಕಲೆಗಳು ಏಳುತ್ತವೆ. ಎಷ್ಟೋ ಸಲ ಅವು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ಸವರಿದರೆ ಉಪ್ಪುಕಾಗದ ಮುಟ್ಟಿದಂತಿರುತ್ತದೆ. ವೈದ್ಯರು ಇದಕ್ಕೆ ಆಕ್ಟಿನಿಕ್ ಕೆರಟೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮುಂಚಿನ ಮೆಟ್ಟಿಲು.

ಕಲೆ ಏಳುವ ಬಗೆ

ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಮೇಲ್ಪದರದ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತವೆ. ಜೀವಕೋಶ ಅದನ್ನು ಸರಿಪಡಿಸಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಕೆಟ್ಟ ಕೋಶ ಬೆಳೆಯದಂತೆ ತಡೆಯುವ ಪಿ53 ಎಂಬ ಜೀನ್‌ಗೇ ಪೆಟ್ಟು ಬಿದ್ದಾಗ ಅಂಥ ಕೋಶಗಳು ಹೆಚ್ಚುತ್ತಾ ಹೋಗುತ್ತವೆ. ಕಾಣುವ ಕಲೆಯ ಸುತ್ತಲಿನ ಚರ್ಮವೂ ಒಳಗೊಳಗೇ ಕೆಟ್ಟಿರುತ್ತದೆ. ಹಾಗಾಗಿ ಒಂದು ಕಲೆ ಹೋದರೂ ಪಕ್ಕದಲ್ಲಿ ಇನ್ನೊಂದು ಏಳಬಹುದು. ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ, ಕೆಲವು ತಾವಾಗಿಯೇ ಮಾಯುತ್ತವೆ. ಕೆಲವೇ ಕೆಲವು ಆಳಕ್ಕಿಳಿದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗುತ್ತವೆ. ಯಾವುದು ಆ ದಾರಿ ಹಿಡಿಯುತ್ತದೆಂದು ಮೊದಲೇ ಹೇಳಲಾಗದು.

ತುರಿಕೆಯಲ್ಲಿ ಸಿಗದ ಭಾರ

ರೋಗಿಯ ನಿಜವಾದ ಕಷ್ಟ ಈ ಅನಿಶ್ಚಿತತೆಯಲ್ಲಿದೆ. ಚರ್ಮರೋಗ ಬದುಕನ್ನು ಎಷ್ಟು ಕುಗ್ಗಿಸಿದೆ ಎಂದು ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್‌ಲೇ ಮತ್ತು ಖಾನ್ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು. ಕಳೆದ ವಾರ ತುರಿಕೆ, ನೋವು, ಮುಜುಗರ ಎಷ್ಟಿತ್ತು, ಕೆಲಸಕ್ಕೆ ಅಡ್ಡಿಯಾಯಿತೇ ಎಂದು ಅದು ಕೇಳುತ್ತದೆ. ಆದರೆ ಈ ಕಲೆಗಳು ಹೆಚ್ಚು ತುರಿಸುವುದಿಲ್ಲ, ಅಷ್ಟಾಗಿ ನೋಯುವುದೂ ಇಲ್ಲ. ಅಂಕ ಕಡಿಮೆ ಬಂದು ರೋಗಿ ಆರಾಮಾಗಿದ್ದಾರೆ ಎನಿಸಿಬಿಡುತ್ತದೆ. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಈ ಕಾಯಿಲೆಗೆಂದೇ ಬೇರೆ ಪಟ್ಟಿ ಸಿದ್ಧಪಡಿಸಿದರು. ದಿನನಿತ್ಯದ ಓಡಾಟ, ಮನಸ್ಸಿನ ಕಳವಳ, ಕಾಯಿಲೆ ತಮ್ಮ ಹಿಡಿತದಲ್ಲಿದೆಯೇ ಎಂಬ ಭಾವ, ಈ ಮೂರನ್ನು ಅದು ವಿಚಾರಿಸುತ್ತದೆ. ಸದಾ ಬಿಸಿಲಿಗೆ ಅಂಜುವುದು, ಕನ್ನಡಿಯಲ್ಲಿ ಹೊಸ ಕಲೆ ಹುಡುಕುವುದು, ಪ್ರತಿ ತಪಾಸಣೆಗೆ ಮುನ್ನ ಎದೆ ಡವಡವ ಎನ್ನುವುದು ಕಲೆಗಳ ಎಣಿಕೆಯಲ್ಲಿ ಬರುವುದಿಲ್ಲ.

ಮದ್ದಿನ ದಿನಗಳು

ಚಿಕಿತ್ಸೆಯೂ ಸುಲಭವಲ್ಲ. ಬಿಡಿ ಕಲೆಗಳನ್ನು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ನಾಶಮಾಡುತ್ತಾರೆ. ಗುಳ್ಳೆ ಎದ್ದು ಮಾಯ್ದ ಮೇಲೆ ಬಿಳಿಯ ಗುರುತು ಉಳಿಯಬಹುದು. ಹರಡಿದ್ದರೆ ಫ್ಲೂರೋಯುರಾಸಿಲ್ ಮುಲಾಮು. ಹಚ್ಚುವ ಕೆಲವು ವಾರ ಮುಖ ಕೆಂಪೇರಿ, ಉರಿದು, ಹಕ್ಕಳೆ ಕಟ್ಟುತ್ತದೆ. ಮದುವೆ ಮುಂಜಿ ಇರಲಿ, ಅಂಗಡಿಗೆ ಹೋಗಲೂ ಮನಸ್ಸಾಗದು. ಮದ್ದು ಕೆಲಸ ಮಾಡುತ್ತಿರುವುದರ ಲಕ್ಷಣವೇ ಇದು. ಮೊದಲೇ ತಿಳಿಸದಿದ್ದರೆ ರೋಗಿ ಬೆದರಿ ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಯಾರಿಗೆ?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಮ್ಮಲ್ಲಿ ಹೆಚ್ಚಿನವರನ್ನು ಕಾಯುತ್ತದೆ. ಹುಟ್ಟಿನಿಂದಲೇ ಮೆಲನಿನ್ ಕೊರತೆಯಿರುವ ಆಲ್ಬಿನಿಸಂನವರಿಗೆ ಆ ರಕ್ಷಣೆ ಇಲ್ಲ. ಹೊಲಗದ್ದೆಯಲ್ಲಿ ದುಡಿಯಲೇಬೇಕಾದ ಇಂಥವರಲ್ಲಿ ಈ ಕಲೆಗಳು ಎಳೆ ವಯಸ್ಸಿನಲ್ಲೇ ಏಳಬಹುದು. ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ನೆರಳಿನ ಕೆಲಸ ಅವರಿಗೆ ಶೋಕಿಯಲ್ಲ, ಆರೋಗ್ಯದ ಹಕ್ಕು. ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರೂ ಎಚ್ಚರವಾಗಿರಬೇಕು.

ಭಾರ ಇಳಿಸುವ ದಾರಿ

ಕೆಟ್ಟ ಚರ್ಮಕ್ಕೂ ಚೇತರಿಸುವ ಶಕ್ತಿಯಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ಬೇಸಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಿದವರಿಗೆ ಹೊಸ ಕಲೆಗಳು ಕಡಿಮೆ ಎದ್ದವು, ಹಳೆಯವು ಹೆಚ್ಚು ಮಾಯ್ದವು. ಕ್ವೀನ್ಸ್‌ಲ್ಯಾಂಡಿನ ನಾಂಬೋರ್ ಪಟ್ಟಣದಲ್ಲಿ 1992ರಲ್ಲಿ ಶುರುವಾದ ಅಧ್ಯಯನದಲ್ಲಿ ದಿನನಿತ್ಯ ಹಚ್ಚಿದವರಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ. 40ರಷ್ಟು ಇಳಿದವು. ತನ್ನ ಕೈಯಲ್ಲೂ ಏನೋ ಇದೆ ಎಂದು ತಿಳಿದ ರೋಗಿಯ ಅರ್ಧ ಕಳವಳ ಅಲ್ಲೇ ಇಳಿಯುತ್ತದೆ.

ಕಲೆ ದಪ್ಪವಾದರೆ, ಬೇಗ ಬೆಳೆದರೆ, ನೋವಾದರೆ, ರಕ್ತ ಒಸರಿದರೆ ತಡಮಾಡದೆ ಚರ್ಮವೈದ್ಯರ ಬಳಿ ಹೋಗಬೇಕು. ವೈದ್ಯರು ಕಲೆ ಎಷ್ಟಿವೆ ಎಂದು ಎಣಿಸುವುದರ ಜೊತೆಗೆ, ನಿಮಗೆ ಯಾವುದರ ಭಯ, ಯಾವ ಕೆಲಸ ಬಿಟ್ಟಿದ್ದೀರಿ ಎಂದೂ ಕೇಳಬೇಕು. ಅವರು ಕೇಳದಿದ್ದರೆ ರೋಗಿಯೇ ಹೇಳಲಿ. ಚಿಕಿತ್ಸೆಯನ್ನು ಯಾವಾಗ, ಹೇಗೆ ಮಾಡಬೇಕೆಂಬುದು ಆ ಉತ್ತರದ ಮೇಲೂ ನಿಂತಿದೆ.