ಸಂಶೋಧನಾ ಕೇಂದ್ರದ ನಾಲ್ಕು ಜನ, ಒಂದು ಮೊಬೈಲ್: ವಾಟ್ಸಾಪ್‌ನಲ್ಲಿ ವಿಜ್ಞಾನ ಹೇಳೋದು ಹೇಗೆ?



ನನ್ನ ಜೊತೆ ತೋಟಗಾರಿಕೆ ಓದಿದ ಗೆಳೆಯನೊಬ್ಬ ಈಗ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿದ್ದಾನೆ. ಇಬ್ಬರು ವಿಜ್ಞಾನಿಗಳು, ಒಬ್ಬ ಕ್ಷೇತ್ರ ಸಹಾಯಕ, ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ, ಇಷ್ಟೇ ಜನ. ಪ್ರಚಾರಕ್ಕೆ ಅಂತ ಬೇರೆ ಸಿಬ್ಬಂದಿ ಇಲ್ಲ. ಮೊನ್ನೆ ಫೋನ್ ಮಾಡಿದ್ದ. "ನಾವು ಮಾಡಿದ ಕೆಲಸ ಎಲ್ಲಾ ವರದಿಯಲ್ಲೇ ಉಳೀತಿದೆ ಮಾರಾಯ. ಒಂದು ವಾಟ್ಸಾಪ್ ಗುಂಪು, ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡೋಣ ಅಂತಿದೀವಿ. ನೀನು ವಿಡಿಯೋ ಮಾಡ್ತೀಯಲ್ಲ, ಹೇಗೆ ಮಾಡ್ಬೇಕು ಹೇಳು" ಅಂದ.

ಹೇಗೆ ಮಾಡಬೇಕು ಅನ್ನೋದಕ್ಕಿಂತ ಮೊದಲು ನಾನು ಮಾಡಿದ ಒಂದು ತಪ್ಪನ್ನು ಅವನಿಗೆ ಹೇಳಿದೆ. ನಿಮಗೂ ಅಲ್ಲಿಂದಲೇ ಶುರು ಮಾಡ್ತೀನಿ.

ಬಿಟ್ಟುಹೋದ ಒಂದು ಮಾತು

ಎರಡು ವರ್ಷದ ಹಿಂದೆ ನನ್ನ ಬೀನ್ಸ್ ತಾಕಿನಲ್ಲಿ ನಿಂತು, ರಸ ಹೀರುವ ಕೀಟಗಳಿಗೆ ಬೇವಿನ ಎಣ್ಣೆ ಹೊಡೆಯುವ ವಿಡಿಯೋ ಮಾಡಿದ್ದೆ. ಲೀಟರಿಗೆ 5 ಎಂ.ಎಲ್. ಎಣ್ಣೆ, ಅದು ನೀರಿನಲ್ಲಿ ಬೆರೆಯೋಕೆ 1 ಎಂ.ಎಲ್. ಸೋಪಿನ ದ್ರಾವಣ, ಅಂದರೆ 16 ಲೀಟರಿನ ಟ್ಯಾಂಕಿಗೆ 80 ಎಂ.ಎಲ್. ಎಣ್ಣೆ. ಸಂಜೆ ಹೊತ್ತು ಹೊಡೀರಿ ಅಂತಲೂ ಹೇಳಿದ್ದೆ. ಎಲ್ಲಾ ಸರಿಯಾಗಿಯೇ ಇತ್ತು.

ಒಂದು ವಾರ ಕಳೆದು ಒಬ್ಬ ರೈತರು ಫೋನ್ ಮಾಡಿದರು. "ಸರ್, ನೀವು ಹೇಳ್ದಂಗೇ ಹೀರೆಗೆ ಹೊಡ್ದೆ. ಎಲೆ ಎಲ್ಲಾ ಸುಟ್ಟೋಗಿದೆ."

"ಅದಕ್ಕೆ ಮುಂಚೆ ಏನಾದ್ರೂ ಹೊಡೆದಿದ್ರಾ?" ಅಂತ ಕೇಳಿದೆ.

"ಬೂದಿ ರೋಗ ಬಂದಿತ್ತು, ಗಂಧಕ ಹೊಡ್ದಿದ್ದೆ. ಐದಾರು ದಿನ ಆಗಿತ್ತು."

ಗಂಧಕ ಹೊಡೆದು ಎರಡು ವಾರ ಆಗುವವರೆಗೆ ಯಾವ ಎಣ್ಣೆಯನ್ನೂ ಸಿಂಪಡಿಸಬಾರದು, ಎರಡೂ ಸೇರಿದರೆ ಎಲೆ ಸುಡುತ್ತದೆ. ಇದು ಕಾಲೇಜಿನಲ್ಲಿ ನಾನೇ ಓದಿ ಪರೀಕ್ಷೆಯಲ್ಲಿ ಬರೆದ ವಿಷಯ. ನನ್ನ ಬೀನ್ಸಿಗೆ ಗಂಧಕ ಹೊಡೆದಿರಲಿಲ್ಲ, ಹಾಗಾಗಿ ವಿಡಿಯೋ ಮಾಡುವಾಗ ಅದು ತಲೆಗೇ ಬರಲಿಲ್ಲ. ಆ ರೈತರು ಕಾಲು ಎಕರೆ ಹೀರೆಯ ಎರಡು ಕೊಯ್ಲು ಕಳಕೊಂಡರು. ಮರುದಿನವೇ ತಿದ್ದುಪಡಿ ವಿಡಿಯೋ ಹಾಕಿದೆ. ಮೊದಲನೆಯದನ್ನು ನೋಡಿದವರಲ್ಲಿ ಕಾಲು ಭಾಗ ಜನರೂ ಅದನ್ನು ನೋಡಲಿಲ್ಲ.

ಗೆಳೆಯನಿಗೆ ನಾನು ಹೇಳಿದ ಮುಖ್ಯ ಮಾತು ಇದೇ. ಸಂಶೋಧನೆಯಲ್ಲಿ "ಇದು ಕೆಲಸ ಮಾಡುತ್ತದೆ" ಅನ್ನೋದು ಅರ್ಧ ಮಾತು. ಯಾವ ಬೆಳೆಗೆ, ಯಾವ ಹವೆಯಲ್ಲಿ, ಯಾವುದರ ಜೊತೆ ಆಗೋಲ್ಲ ಅನ್ನೋದು ಇನ್ನರ್ಧ. ವಿಷಯ ಮೊಬೈಲಿಗೆ ಬಂದಾಗ ಮೊದಲು ಉದುರಿಹೋಗೋದು ಈ ಎರಡನೆಯ ಅರ್ಧ. ಅದನ್ನು ಉದುರದ ಹಾಗೆ ಕಳಿಸೋದೇ ಸಂಶೋಧಕರ ಕೆಲಸ.

ಹಾಗಾದರೆ ಸುಮ್ಮನಿರೋದು ವಾಸಿಯಾ?

ಖಂಡಿತ ಅಲ್ಲ. 2018ರ ಮೆಕ್ಕೆಜೋಳದ ಹಂಗಾಮು ನೆನಪಿಸಿಕೊಳ್ಳಿ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಭಾರತದಲ್ಲಿ ಅದು ಮೊದಲು ಕಂಡದ್ದು ನಮ್ಮ ಶಿವಮೊಗ್ಗ ಭಾಗದ ಹೊಲಗಳಲ್ಲಿ, 2018ರ ಮೇ ತಿಂಗಳಲ್ಲಿ. ಗುರುತಿಸಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಆ ವರ್ಷ ಜುಲೈ ಕೊನೆಗೆ ದೇಶಕ್ಕೇ ಎಚ್ಚರಿಕೆ ಕೊಟ್ಟಿತು.

ಈ ಹುಳು ಮೊಟ್ಟೆಯಿಂದ ಪತಂಗ ಆಗೋಕೆ ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳು ಸಾಕು. ಒಂದು ಸಂಶೋಧನಾ ಪ್ರಬಂಧ ಅಚ್ಚಾಗೋಕೆ ಎಷ್ಟೋ ಸಲ ಆರು ತಿಂಗಳು, ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಹುಳುವಿನ ಹಲವು ತಲೆಮಾರು ಕಳೆದಿರುತ್ತವೆ. ಮರಿಹುಳು ಇದ್ದಾಗ ಹತೋಟಿ ಸುಲಭ. ಸುಳಿಯೊಳಗೆ ಸೇರಿ ಲದ್ದಿ ತುಂಬಿಸಿದ ಮೇಲೆ ಔಷಧಿ ಅದಕ್ಕೆ ತಾಗೋದೇ ಇಲ್ಲ. ಇಂಥ ವಿಷಯಕ್ಕೆ ಮೊಬೈಲಿಗಿಂತ ಒಳ್ಳೆ ದಾರಿ ಬೇರೆ ಇಲ್ಲ.

ಅದರ ಗುರುತು ಕೂಡ ಫೋಟೋದಲ್ಲಿ ತೋರಿಸಬಹುದಾದದ್ದು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಒಂದು ಫೋಟೋ, ಎರಡು ಬಾಣದ ಗುರುತು, ಎರಡು ಸಾಲು ಮಾತು. ಯಾವ ರೈತ ಬೇಕಾದರೂ ತನ್ನ ಹೊಲದಲ್ಲಿ ನಿಂತು ಹೋಲಿಸಿ ನೋಡಬಹುದು. ಸಣ್ಣ ತಂಡ ಕಳಿಸಬೇಕಾದ ಸಂದೇಶಕ್ಕೆ ಇದು ಒಳ್ಳೆ ಮಾದರಿ.

"ಅವರು ಯಾವೂರಿನವರು?"

ವಿಡಿಯೋ ಮಾಡೋದಾದರೆ ಯಾರು ಮಾತಾಡಬೇಕು? ಇದಕ್ಕೂ ನಮ್ಮ ರಾಜ್ಯದಲ್ಲೇ ಒಂದು ಪಾಠ ಇದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ 'ಡಿಜಿಟಲ್ ಗ್ರೀನ್' ಅನ್ನೋ ಪ್ರಯೋಗ ಶುರುವಾಯಿತು. ಗ್ರೀನ್ ಫೌಂಡೇಶನ್ ಸಂಸ್ಥೆಯ ಜೊತೆ 16 ಹಳ್ಳಿಗಳಲ್ಲಿ 13 ತಿಂಗಳು ಹೋಲಿಕೆ ಮಾಡಿದರು. ಕೆಲವು ಹಳ್ಳಿಗಳಲ್ಲಿ ಮಾಮೂಲಿನಂತೆ ಕಾರ್ಯಕರ್ತರು ಹೋಗಿ ಹೇಳಿದರು. ಉಳಿದ ಹಳ್ಳಿಗಳಲ್ಲಿ ಆ ಭಾಗದ ರೈತರೇ ಮಾಡಿ ತೋರಿಸಿದ ವಿಡಿಯೋಗಳನ್ನು ಊರಿನ ಒಬ್ಬರು ಹಾಕಿ, ಮಧ್ಯೆ ನಿಲ್ಲಿಸಿ, ಪ್ರಶ್ನೆ ಕೇಳಿ, ಚರ್ಚೆ ಮಾಡಿಸಿದರು. ಹೊಸ ಪದ್ಧತಿ ಅಳವಡಿಸಿಕೊಂಡವರ ಪ್ರಮಾಣ ವಿಡಿಯೋ ಹಳ್ಳಿಗಳಲ್ಲಿ ಆರೇಳು ಪಟ್ಟು ಹೆಚ್ಚಿತ್ತು.

ವಿಡಿಯೋ ನೋಡಿದ ಜನ ಮೊದಲು ಕೇಳುತ್ತಿದ್ದದ್ದು, ಈ ರೈತನ ಹೆಸರೇನು, ಯಾವೂರು ಅಂತ. ನಾವೂ ಸಂತೆಯಲ್ಲಿ ಬೀಜ ಕೊಳ್ಳುವಾಗ ಕೇಳೋದು ಅದನ್ನೇ ಅಲ್ವಾ? ಕೋಟು ಹಾಕಿಕೊಂಡು ಮೇಜಿನ ಹಿಂದೆ ಕೂತು ಹೇಳಿದರೆ ಆ ಪ್ರಶ್ನೆಗೆ ಉತ್ತರ ಸಿಗೋಲ್ಲ. ವಿಜ್ಞಾನಿ ಪಕ್ಕದಲ್ಲಿ ನಿಲ್ಲಲಿ, ಮಾಡಿ ನೋಡಿದ ರೈತರು ಅವರದೇ ಮಾತಿನಲ್ಲಿ ಹೇಳಲಿ. ಇನ್ನೊಂದು ವಿಷಯ: ಆ ಹಳ್ಳಿಗಳಲ್ಲಿ ಕೆಲಸ ಮಾಡಿದ್ದು ವಿಡಿಯೋ ಒಂದೇ ಅಲ್ಲ, ಅದನ್ನು ನಿಲ್ಲಿಸಿ ಪ್ರಶ್ನೆಗೆ ಜಾಗ ಕೊಟ್ಟವರೂ ಹೌದು.

ಸಣ್ಣ ತಂಡಕ್ಕೆ ನನ್ನ ಸಲಹೆಗಳು

1. ಒಂದು ಸಂದೇಶ, ಒಂದೇ ವಿಷಯ. ವಾರಕ್ಕೆ ಒಂದು ಸಾಕು. ನಾಲ್ಕು ಜನರ ತಂಡ ದಿನಕ್ಕೆ ಮೂರು ಹಾಕಲು ಹೋದರೆ ಪ್ರಯೋಗದ ತಾಕು ನೋಡುವವರು ಯಾರು?

2. "ಎಲ್ಲಿ ಆಗೋಲ್ಲ" ಅನ್ನೋದನ್ನು ಫೋಟೋದ ಮೇಲೆಯೇ ಬರೆಯಿರಿ. ಫೋಟೋದ ಕೆಳಗಿನ ಬರಹ ಫಾರ್ವರ್ಡ್ ಆಗುವಾಗ ಕಳಚಿಹೋಗಬಹುದು, ಫೋಟೋದೊಳಗಿನ ಅಕ್ಷರ ಹೋಗೋಲ್ಲ. ಬೆಳೆ, ಪ್ರಮಾಣ, ಊರು, ದಿನಾಂಕ, ಕೇಂದ್ರದ ಹೆಸರು ಎಲ್ಲವೂ ಅಲ್ಲೇ ಇರಲಿ. ವಿಡಿಯೋದಲ್ಲಾದರೆ ಎಚ್ಚರಿಕೆಯ ಮಾತು ಮೊದಲ ಅರ್ಧ ನಿಮಿಷದಲ್ಲೇ ಬರಲಿ. ಕೊನೆಯವರೆಗೆ ನೋಡುವವರು ಕಡಿಮೆ.

3. ಅಳತೆ ರೈತರ ಲೆಕ್ಕದಲ್ಲಿರಲಿ. ಶೇಕಡಾ 0.5 ಅಂದರೆ ಯಾರೂ ಲೆಕ್ಕ ಹಾಕೋಲ್ಲ. ಟ್ಯಾಂಕಿಗೆ ಎಷ್ಟು ಅಂತ ಹೇಳಿ, ಎಷ್ಟು ಲೀಟರಿನ ಟ್ಯಾಂಕ್ ಅಂತಲೂ ಹೇಳಿ.

4. ಎಷ್ಟು ಗೊತ್ತಾಗಿದೆಯೋ ಅಷ್ಟೇ ಹೇಳಿ. "ಒಂದು ಹಂಗಾಮು, ನಮ್ಮ ಕೇಂದ್ರದ ಕೆಂಪು ಮಣ್ಣಿನಲ್ಲಿ ನೋಡಿದ್ದೇವೆ. ಕಪ್ಪು ಮಣ್ಣಿನಲ್ಲಿ ಇನ್ನೂ ನೋಡಿಲ್ಲ." ಹೀಗಂದರೆ ಮರ್ಯಾದೆ ಹೋಗೋಲ್ಲ, ನಂಬಿಕೆ ಬರುತ್ತದೆ. ಔಷಧಿ ಹಾಕದ ಹೋಲಿಕೆ ಸಾಲಿನ ಫೋಟೋವನ್ನೂ ಪಕ್ಕದಲ್ಲಿ ತೋರಿಸಿ.

5. ಗುಂಪೋ, ಚಾನೆಲ್ಲೋ ಮೊದಲೇ ಯೋಚಿಸಿ. ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಕೇಳಬಹುದು. ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಎಷ್ಟೋ ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಸೇರೋಲ್ಲ. ಚಾನೆಲ್‌ನಲ್ಲಿ ನಂಬರ್ ಬೇರೆಯವರಿಗೆ ಕಾಣೋಲ್ಲ, ಆದರೆ ಅಲ್ಲಿ ರೈತರು ಪ್ರಶ್ನೆ ಹಾಕೋಕಾಗೋಲ್ಲ. ಸುದ್ದಿಗೆ ಚಾನೆಲ್, ಪ್ರಶ್ನೆಗೆ ಕೇಂದ್ರದ್ದೇ ಒಂದು ಪ್ರತ್ಯೇಕ ನಂಬರ್ ಇಟ್ಟುಕೊಂಡರೆ ಒಳ್ಳೆಯದು.

6. ಉತ್ತರಿಸುವ ದಿನ ಗೊತ್ತು ಮಾಡಿ. ಮಂಗಳವಾರ, ಶುಕ್ರವಾರ ಸಂಜೆ ಐದರಿಂದ ಆರು ಅಂತ ಹೇಳಿ, ಆ ಹೊತ್ತಿಗೆ ಖಂಡಿತ ಉತ್ತರಿಸಿ. ಒಂದು ಕಡೆ ಉತ್ತರ ಸಿಗದ ರೈತ ಸಂಜೆಯೊಳಗೆ ಇನ್ನೊಬ್ಬರನ್ನು ಕೇಳಿರುತ್ತಾನೆ. ಆ ಇನ್ನೊಬ್ಬರು ಏನಾದರೂ ಮಾರುವವರೇ ಆಗಿರಬಹುದು.

7. ತಪ್ಪಾದರೆ ಹಳೆಯದಕ್ಕೇ ತಿದ್ದುಪಡಿ ಅಂಟಿಸಿ. ಗುಂಪಿನಲ್ಲಿ ಅಳಿಸಿದರೂ ಬೇರೆ ಕಡೆ ಫಾರ್ವರ್ಡ್ ಆದದ್ದು ಅಳಿಯೋಲ್ಲ. ನಾನು ಈಗ ಆ ಹಳೇ ವಿಡಿಯೋದ ಶೀರ್ಷಿಕೆಯಲ್ಲೇ "ಗಂಧಕ ಹೊಡೆದಿದ್ದರೆ ಎರಡು ವಾರ ಕಾಯಿರಿ" ಅಂತ ಸೇರಿಸಿದ್ದೇನೆ.

ರೈತರಾಗಿ ನಾವು ಮಾಡಬೇಕಾದ್ದು

ಯಾವುದೇ ಸಲಹೆ ಮೊಬೈಲಿಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾರು ಹೇಳಿದ್ದು? ಎಲ್ಲಿ, ಯಾವ ಹಂಗಾಮಿನಲ್ಲಿ ಮಾಡಿ ನೋಡಿದ್ದು? ಎಲ್ಲಿ ಮಾಡಬಾರದು? ನಾನು ಈಗಾಗಲೇ ಏನು ಹೊಡೆದಿದ್ದೇನೆ? ಜೋಡಿ ಬಾಣದ ಗುರುತಿನೊಂದಿಗೆ "ಹಲವು ಬಾರಿ ಫಾರ್ವರ್ಡ್ ಆಗಿದೆ" ಅಂತ ಬಂದರೆ ಅದು ಹಲವು ಕೈ ದಾಟಿ ಬಂದದ್ದು. ಮೂಲ ಸಿಗುವವರೆಗೆ ಟ್ಯಾಂಕ್ ತುಂಬಿಸಬೇಡಿ. ಉತ್ತರ ಸಿಕ್ಕ ಮೇಲೂ ಮೊದಲು ಒಂದು ಸಾಲಿಗೆ ಹೊಡೆದು ಎರಡು ಮೂರು ದಿನ ಕಾದು ನೋಡಿ.

ವಿಜ್ಞಾನಿಗಳಿಗೆ ಫೋಟೋ ಕಳಿಸುವಾಗ ಒಂದು ಎಲೆ ಮಾತ್ರ ಕಳಿಸಿದರೆ ಅವರಿಗೂ ಕಷ್ಟ. ಇಡೀ ಗಿಡ, ಎಲೆಯ ಮೇಲ್ಭಾಗ, ಕೆಳಭಾಗ, ಸಾಧ್ಯವಾದರೆ ಬೇರು, ಹೀಗೆ ನಾಲ್ಕು ಫೋಟೋ ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಜೊತೆಗೆ ಊರು, ತಳಿ, ನಾಟಿ ಮಾಡಿದ ದಿನ, ಹಿಂದಿನ 15 ದಿನದಲ್ಲಿ ಹೊಡೆದದ್ದು, ಹಾಕಿದ್ದು ಎಲ್ಲವನ್ನೂ ಬರೆದು ಕಳಿಸಿ.

ಗೆಳೆಯನ ಕೇಂದ್ರದ ಮೊದಲ ಸಂದೇಶ ಮುಂದಿನ ವಾರ ಹೊರಡುತ್ತದೆ. ಬೂದಿ ರೋಗದ ಬಗ್ಗೆಯೇ ಮಾಡ್ತಿದ್ದಾರಂತೆ. ಕರಡು ನನಗೆ ಕಳಿಸಿದ್ದ. ಎಣ್ಣೆ, ಗಂಧಕದ ಅಂತರ ಎಲ್ಲಿದೆ ಅಂತ ಮೊದಲು ಹುಡುಕಿದೆ. ಫೋಟೋದ ಮೇಲೆಯೇ ಕೆಂಪಕ್ಷರದಲ್ಲಿ ಇತ್ತು. ಹೀರೆ ಕಳಕೊಂಡ ಆ ರೈತರಿಗೂ ಅದನ್ನು ತೋರಿಸಿದೆ. "ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡ್ಸಿ ಸರ್, ಬಿಸಿಲಲ್ಲಿ ಕಾಣಲ್ಲ" ಅಂದರು. ಆ ಮಾತನ್ನೂ ಗೆಳೆಯನಿಗೆ ಕಳಿಸಿದ್ದೇನೆ.